ಹಳೇ ಹೋಟೆಲ್ ಹೋಯಿತು, ಮಧ್ಯಾಹ್ನದ ಹಸಿವು ಹೋಗಲಿಲ್ಲ

ಮೆಡಿಕಲ್ ರೆಪ್ ಆಗಿ ದುಡಿದವನಿಗೆ ಡಾಕ್ಟರುಗಳ ಹೆಸರಿಗಿಂತ ಊಟದ ಹೋಟೆಲುಗಳ ಹೆಸರೇ ಚೆನ್ನಾಗಿ ನೆನಪಿರುತ್ತದೆ. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ ನನ್ನ ಟೆರಿಟರಿಯಾಗಿತ್ತು. ಮಧ್ಯಾಹ್ನ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರುತ್ತೇನೋ ಆ ಊರಿನಲ್ಲೇ ಊಟ. ಕಂಪೆನಿ ಕೊಡುವ ದಿನಭತ್ಯೆಯಲ್ಲಿ ಚಹಾ, ಊಟ, ರಿಕ್ಷಾ ಎಲ್ಲ ಮುಗಿಯಬೇಕು; ಉಳಿದರೆ ಮನೆಗೆ. ಹೀಗಾಗಿ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಮೀನೂಟ ಹುಡುಕುವುದು ನನಗೆ ಶೋಕಿಯಾಗಿರಲಿಲ್ಲ, ಕೆಲಸದ ಭಾಗವೇ ಆಗಿತ್ತು.

ಆ ಹೋಟೆಲುಗಳಲ್ಲಿ ಎಷ್ಟೋ ಈಗ ಇಲ್ಲ. ಹಳೆಯ ಸಹೋದ್ಯೋಗಿಗಳು ಸೇರಿದರೆ ಸಾಕು, ಮಾತು ಅಲ್ಲಿಗೇ ತಿರುಗುತ್ತದೆ. ಆ ನಿಟ್ಟುಸಿರಿನಲ್ಲಿ ನನ್ನ ಪಾಲೂ ಇದೆ. ಆದರೆ ಅದರಿಂದ ಮಧ್ಯಾಹ್ನದ ಹೊಟ್ಟೆ ತುಂಬುವುದಿಲ್ಲ. ಒಳ್ಳೆಯ ಮೀನೂಟ ಈಗಲೂ ಸಿಗುತ್ತದೆ, ಕೈಗೆಟಕುವ ಬೆಲೆಗೇ ಸಿಗುತ್ತದೆ. ಎಲ್ಲಿ ನೋಡಬೇಕು, ಏನು ಕೇಳಬೇಕು ಎಂಬುದು ಮಾತ್ರ ಗೊತ್ತಿರಬೇಕು.

1. ಯಾವುದಕ್ಕೆ ಕೊರಗುತ್ತಿದ್ದೇವೆ ಎಂದು ಮೊದಲು ಬಿಡಿಸಿ ನೋಡಿ

"ಆ ರುಚಿ ಈಗ ಎಲ್ಲುಂಟು ಮಾರಾಯ್ರೆ" ಎನ್ನುವವರನ್ನು ಯಾವ ರುಚಿ ಎಂದು ಕೇಳಿ ನೋಡಿ. ಉತ್ತರದಲ್ಲಿ ನಾಲ್ಕೈದು ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಹಂಚಿನ ಮಾಡಿನ ಮನೆ. ಮುಂದಿನ ಜಗಲಿ ಹೋಟೆಲು, ಹಿಂದಿನ ಕೋಣೆಗಳಲ್ಲಿ ಸಂಸಾರ. ಬಾಗಿಲಲ್ಲಿ "ಊಟ ತಯಾರಿದೆ" ಎಂಬ ಬೋರ್ಡು. ಉದ್ದನೆಯ ಬೆಂಚಿನಲ್ಲಿ ಲಾರಿ ಡ್ರೈವರ್, ಬ್ಯಾಂಕಿನ ಗುಮಾಸ್ತ, ಕೋರ್ಟಿಗೆ ಬಂದ ಕಕ್ಷಿದಾರ ಪಕ್ಕಪಕ್ಕ. ಎಲೆಯ ಮೇಲೆ ಕುಚ್ಚಲಕ್ಕಿ ಅನ್ನದ ಗುಡ್ಡೆ, ಅದರ ನೆತ್ತಿಯಲ್ಲಿ ಕುಳಿ ಮಾಡಿ ಹೊಯ್ದ ಬಂಗುಡೆ ಸಾರು. ಬದಿಗೆ ಒಂದು ಪಲ್ಯ, ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ. ಕೇಳದೆಯೇ ಎಲೆಯ ತುದಿಗೆ ಬೀಳುವ ಎರಡು ಹುರಿದ ಬೂತಾಯಿ.

ಇದರಲ್ಲಿ ಮರಳಿ ಸಿಗದವು ಕೆಲವು. ಹಳೆಯ ಬೆಲೆ ಸಿಗುವುದಿಲ್ಲ. ನಮ್ಮ ಇಪ್ಪತ್ತೈದನೇ ವಯಸ್ಸಿನ ಹಸಿವು ಸಿಗುವುದಿಲ್ಲ, ಆ ರುಚಿಯ ಅರ್ಧ ಪಾಲು ಆ ಹಸಿವಿನದ್ದೇ. ಪುಕ್ಕಟೆ ಬೂತಾಯಿಯೂ ಹೋದ ಹಾಗೆಯೇ. 2012ರಲ್ಲಿ ದೇಶದಲ್ಲಿ ದಾಖಲೆ ಪ್ರಮಾಣದಲ್ಲಿ ಸಿಕ್ಕಿದ ಬೂತಾಯಿ ಮುಂದಿನ ವರ್ಷಗಳಲ್ಲಿ ಕುಸಿಯಿತು. 2015ರ ಎಲ್ ನಿನೊ, ಮರಿಮೀನುಗಳನ್ನೂ ಬಿಡದ ಬಲೆ ಎರಡನ್ನೂ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರಣವಾಗಿ ಹೇಳಿದ್ದಾರೆ. ಸಿಕ್ಕಿದ್ದರಲ್ಲೂ ಮೀನಿನ ಹಿಟ್ಟು, ಎಣ್ಣೆ ತೆಗೆಯುವ ಕಾರ್ಖಾನೆಗಳಿಗೆ ಒಂದು ಪಾಲು ಹೋಗುತ್ತದೆ. ಬಡವರ ಮೀನಿಗೆ ಈಗ ದೊಡ್ಡ ಗಿರಾಕಿಗಳಿದ್ದಾರೆ.

ಉಳಿದವೆಲ್ಲ ಮತ್ತೆ ಸಿಗುವಂಥವೇ. ಆ ದಿನದ ಮೀನು, ಆಗಷ್ಟೇ ಕಡೆದ ಮಸಾಲೆ, ಕುಚ್ಚಲಕ್ಕಿ ಅನ್ನ, ಮೂರು ಗಂಟೆಗೆ ಮುಗಿಯುವ ಅಡುಗೆ. ಹುಡುಕಬೇಕಾದದ್ದು ಇವನ್ನು. ಹಂಚಿನ ಮಾಡು ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟವೇನಿಲ್ಲ.

2. ಅಗ್ಗದ ಊಟ ಪುಣ್ಯದ ಕೆಲಸವಲ್ಲ, ಲೆಕ್ಕ

ಹಳೆಯ ಹೋಟೆಲಿನ ಯಜಮಾನರು ಧರ್ಮಕ್ಕೆ ಊಟ ಹಾಕುತ್ತಿದ್ದರು ಎಂಬಂತೆ ನಾವು ಮಾತಾಡುತ್ತೇವೆ. ಹಾಗೇನಿರಲಿಲ್ಲ. ಮನೆ ಸ್ವಂತದ್ದು, ಬಾಡಿಗೆ ಇಲ್ಲ. ಅಡುಗೆಗೆ ಹೆಂಡತಿ, ಅತ್ತಿಗೆ. ಬಡಿಸಲು ಮಗ, ಸಂಬಳ ಇಲ್ಲ. ಹರಾಜಿನಲ್ಲಿ ಆ ದಿನ ಯಾವ ಮೀನಿಗೆ ರೇಟು ಬಿದ್ದಿದೆಯೋ ಅದೇ ಆ ದಿನದ ಸಾರು. ತಂದದ್ದು ಮಧ್ಯಾಹ್ನಕ್ಕೆ ಖಾಲಿ; ಫ್ರೀಜರ್ ಬೇಡ, ಹಾಳಾಗುವ ಮಾಲು ಇಲ್ಲ. ಒಂದೇ ಹೊತ್ತು, ಒಂದೇ ಒಲೆ.

ಈ ಲೆಕ್ಕದಲ್ಲಿ ಒಂದೊಂದು ಸೇರಿಸುತ್ತಾ ಹೋಗಿ. ಪೇಟೆಯ ಬಾಡಿಗೆ, ಏಸಿ, ಪಾರ್ಕಿಂಗು, ಮನೆ ಬಾಗಿಲಿಗೆ ತಲುಪಿಸುವ ಆ್ಯಪ್‌ನ ಕಮಿಷನ್, ವರ್ಷವಿಡೀ ಮೆನುವಿನಲ್ಲಿ ಇರಲೇಬೇಕಾದ ಅಂಜಲ್ ಮೀನು. ತಟ್ಟೆಯ ಬೆಲೆ ಮೂರು ಪಟ್ಟಾಗಲು ಯಾರೂ ದುರಾಸೆ ಪಡಬೇಕಾಗಿಲ್ಲ.

ಮುಂಬೈಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಂಪೆನಿಯ ಮೀಟಿಂಗಿಗೆ ಹೋದಾಗ ನಮ್ಮ ಓಟ ಫೋರ್ಟ್ ಕಡೆಗೆ. ನಮ್ಮ ಕರಾವಳಿಯವರು ಅಲ್ಲಿ ಆಫೀಸು ನೌಕರರ ಮಧ್ಯಾಹ್ನದ ಊಟವನ್ನು ನಂಬಿ 'ಲಂಚ್ ಹೋಮ್'ಗಳನ್ನು ತೆರೆದಿದ್ದರು. 1970ರ ದಶಕದಲ್ಲಿ ಸಣ್ಣದಾಗಿ ಶುರುವಾದ ಮಹೇಶ್ ಲಂಚ್ ಹೋಮ್ ಇವತ್ತು ಜುಹೂವರೆಗೂ ಬೆಳೆದ ಹೆಸರು. ಕಾಲಾಘೋಡಾದ ತೃಷ್ಣಾದ ಬೆಣ್ಣೆ-ಬೆಳ್ಳುಳ್ಳಿ ಏಡಿ ತಿನ್ನಲು ವಿದೇಶಿಯರು ಹುಡುಕಿಕೊಂಡು ಬರುತ್ತಾರೆ. ನಮ್ಮವರು ಬೆಳೆದದ್ದಕ್ಕೆ ಹೆಮ್ಮೆಯಿದೆ. ಆದರೆ ದಿನಭತ್ಯೆಯಲ್ಲಿ ಉಣ್ಣುವವನು ಆ ಬಾಗಿಲಲ್ಲಿ ನಿಂತು ಹಳೆಯ ಬೆಲೆ ಕೇಳಬಾರದು. ಲೆಕ್ಕ ಬದಲಾದ ಮೇಲೆ ಅದು ಬೇರೆಯೇ ಜಾಗ. ಹಳೆಯ ಲೆಕ್ಕ ಈಗ ಯಾವ ಗಲ್ಲಿಯಲ್ಲಿ ನಡೆಯುತ್ತಿದೆ ಎಂದು ನೋಡಬೇಕು.

3. ಹೋಟೆಲು ಮುಚ್ಚಿದರೆ ಅಡುಗೆಯವರ ಜಾಡು ಹಿಡಿಯಿರಿ

ಹೋಟೆಲು ಮುಚ್ಚಲು ಹತ್ತು ಕಾರಣ. ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋದರು. ಹೆದ್ದಾರಿ ಅಗಲ ಮಾಡುವಾಗ ಜಗಲಿ ಹೋಯಿತು. 2020ರ ಲಾಕ್‌ಡೌನಿನಲ್ಲಿ ಹಾಕಿದ ಶಟರ್ ಮತ್ತೆ ಏಳಲಿಲ್ಲ. ಆದರೆ ಅಡುಗೆ ಬಲ್ಲ ಕೈ ಸುಮ್ಮನೆ ಕೂರುವುದು ಕಡಿಮೆ. ಇಪ್ಪತ್ತು ವರ್ಷ ಗಸಿ ಮಾಡಿದವರು ಇನ್ನೊಂದು ಕಡೆ ಒಲೆ ಹಚ್ಚಿರುತ್ತಾರೆ, ಇಲ್ಲವೇ ಮನೆಯಿಂದಲೇ ಬುತ್ತಿ ಕಳಿಸುತ್ತಿರುತ್ತಾರೆ.

ಆ ಸುದ್ದಿ ಇರುವುದು ಮೀನು ಮಾರ್ಕೆಟ್ಟಿನಲ್ಲಿ. ಬುಟ್ಟಿಯ ಮುಂದೆ ಕೂತ ಅಕ್ಕನಿಗೆ ಯಾವ ಹೋಟೆಲಿನವರು ದಿನಾ ಎಷ್ಟು ಕೊಳ್ಳುತ್ತಾರೆ, ಯಾರು ಚೌಕಾಸಿ ಮಾಡಿ ನಿನ್ನೆಯ ಮೀನು ಒಯ್ಯುತ್ತಾರೆ ಎಲ್ಲ ಗೊತ್ತು. ಕಾಲು ಕಿಲೋ ನಂಗ್ ಕೊಂಡು, "ಅಕ್ಕ, ಆ ಹೋಟೆಲಿನಲ್ಲಿ ಅಡಿಗೆ ಮಾಡ್ತಿದ್ದವರು ಈಗ ಎಲ್ಲಿದ್ದಾರೆ?" ಎಂದು ಕೇಳಿದರೆ ವಿಳಾಸದ ಜೊತೆಗೆ ಅವರ ಸಂಸಾರದ ಸಮಾಚಾರವೂ ಸಿಗುತ್ತದೆ. ನನಗೆ ಸಿಕ್ಕ ಒಳ್ಳೆಯ ಹೊಸ ಹೋಟೆಲುಗಳಲ್ಲಿ ಕೆಲವು ಹೀಗೆ ಸಿಕ್ಕಿದವು. ಹೆಸರು ಹೊಸದು, ಕಡೆದ ಮಸಾಲೆಯ ಹದ ಹಳೆಯದು.

4. ಪ್ರಸಿದ್ಧವಾದದ್ದು ಯಾವುದೆಂದು ಕೇಳಬೇಡಿ. ನಿನ್ನೆ ಎಲ್ಲಿ ಉಂಡಿರಿ ಎಂದು ಕೇಳಿ

ರಿಕ್ಷಾದವರಿಗೆ "ಒಳ್ಳೆಯ ಹೋಟೆಲ್ ಯಾವುದು" ಎಂದರೆ ನಿಮ್ಮ ಬಟ್ಟೆ ನೋಡಿ ದೊಡ್ಡ ಹೋಟೆಲಿಗೆ ಕರೆದೊಯ್ಯುತ್ತಾರೆ. ಪರವೂರಿನವರನ್ನು ಮರ್ಯಾದೆಯ ಜಾಗಕ್ಕೆ ಬಿಡಬೇಕು ಎಂಬ ಸೌಜನ್ಯ ಅದು. "ಅಣ್ಣ, ನೀವು ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದ್ದು?" ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಕುಂದಾಪುರದ ಕಡೆಯಾದರೆ "ಹ್ವಾಯ್, ಅಲ್ಲಿ ಊಟ ಲಾಯ್ಕ್ ಇತ್ತ್, ಆರೆ ಕೂಕಂಬುಕೆ ಜಾಗ ಇಲ್ಲೆ" ಎಂಬ ಎಚ್ಚರಿಕೆಯೂ ಸೇರಿರುತ್ತದೆ. ಕೂರಲು ಜಾಗವಿಲ್ಲ ಎಂದರೆ ಸರಿಯಾದ ದಾರಿಯಲ್ಲಿದ್ದೀರಿ.

ಕೇಳಲು ಯಾರೂ ಸಿಗದಿದ್ದರೆ ಜಾಗವನ್ನೇ ಓದಬೇಕು. ದಿನಾ ಅದೇ ಮುಖಗಳು ಉಣ್ಣಲು ಬರುವ ಕಡೆ ಮೋಸಕ್ಕೆ ಅವಕಾಶ ಕಡಿಮೆ. ತಾಲೂಕು ಆಫೀಸು, ಕೋರ್ಟು, ಆರ್‌ಟಿಓ ಕಚೇರಿಗಳ ಹಿಂಬದಿ, ಖಾಸಗಿ ಬಸ್ಸಿನ ಡ್ರೈವರ್-ಕಂಡಕ್ಟರುಗಳು ಉಣ್ಣುವ ಸಂದು, ಮಂಗಳೂರಿನ ಬಂದರು, ಮಲ್ಪೆ, ಗಂಗೊಳ್ಳಿ, ಕಾರವಾರದ ಬೈತಖೋಲದಂಥ ಮೀನು ಇಳಿಯುವ ಜಾಗಗಳ ಐಸ್ ಪ್ಲಾಂಟಿನ ಆಸುಪಾಸು. ಮೀನು ಹೊತ್ತು ಇಳಿಸಿದವರೇ ದುಡ್ಡು ಕೊಟ್ಟು ಮೀನೂಟ ಮಾಡುವ ಹೋಟೆಲಿಗಿಂತ ದೊಡ್ಡ ಸರ್ಟಿಫಿಕೇಟು ಇಲ್ಲ.

ಹೆದ್ದಾರಿ 66ರ ಅಂಚಿನಲ್ಲಿ, ಪ್ರವಾಸಿಗಳ ಕಾರು ನಿಲ್ಲಿಸಲೆಂದೇ ಎದ್ದ ಹೋಟೆಲುಗಳ ಕಥೆ ಬೇರೆ. ಅವಕ್ಕೆ ಪ್ರತಿದಿನ ಹೊಸ ಗಿರಾಕಿ. ಇವತ್ತು ಉಂಡವನು ನಾಳೆ ಬರಲಿ ಎಂಬ ಒತ್ತಡ ಅಲ್ಲಿಲ್ಲ. ಹೆದ್ದಾರಿಯಿಂದ ಹಳೆಯ ಪೇಟೆಯ ರಸ್ತೆಗೆ ಇಳಿಯಿರಿ. ಹತ್ತು ನಿಮಿಷ ಹೋಗುತ್ತದೆ, ದುಡ್ಡು ಉಳಿಯುತ್ತದೆ.

5. "ಇಲ್ಲ" ಎನ್ನುವ ಹೋಟೆಲನ್ನು ನಂಬಿ

ಕೂತ ತಕ್ಷಣ ಮೆನು ಕಾರ್ಡು ಕೇಳುವ ಬದಲು "ಇವತ್ತು ಎಂತ ಉಂಟು?" ಎಂದು ಕೇಳಿ. ಬಡಿಸುವವನು ಒಂದೇ ಉಸಿರಿನಲ್ಲಿ "ಬಂಗುಡೆ, ನಂಗ್, ಕೊಡ್ಡಾಯಿ. ಸಿಗಡಿ ಸಣ್ಣದು. ಕಾಣೆ ಇಲ್ಲ" ಎಂದರೆ ನೆಮ್ಮದಿಯಿಂದ ಕೂರಿ. ಅವನು ಬೆಳಗಿನ ಹರಾಜಿನ ವರದಿ ಒಪ್ಪಿಸುತ್ತಿದ್ದಾನೆ. "ಎಲ್ಲಾ ಉಂಟು ಸಾರ್" ಎಂದರೆ ಫ್ರೀಜರ್ ದೊಡ್ಡದಿದೆ ಎಂದರ್ಥ.

ಸಮುದ್ರ ಯಾರಿಗೂ ದಿನಾ ಎಲ್ಲವನ್ನೂ ಕೊಡುವುದಿಲ್ಲ. ಹತ್ತು ಬಗೆಯ ಮೀನು ಹದಿನೈದು ಬಗೆಯ ಮಸಾಲೆಯಲ್ಲಿ ವರ್ಷವಿಡೀ ಸಿಗುವ ಮೆನುವಿನ ಹಿಂದೆ ಮಂಜುಗಡ್ಡೆ, ಬೇರೆ ರಾಜ್ಯದ ಲಾರಿ, ಸಾಕಿದ ವನ್ನಾಮಿ ಸಿಗಡಿ ಇರಲೇಬೇಕು. ಅವು ತಿನ್ನಬಾರದವೇನಲ್ಲ, ಅವನ್ನು 'ಇವತ್ತಿನ ಮೀನು' ಎಂದು ಮಾರಿದರೆ ಮಾತ್ರ ತಕರಾರು. ಮೀನೂಟದ ಹೋಟೆಲಿನ ಮೆನುವಿನಲ್ಲಿ ಗೋಬಿ ಮಂಚೂರಿ, ಪನ್ನೀರ್ ಬಟರ್ ಮಸಾಲೆಗಳ ಪಟ್ಟಿ ಉದ್ದವಾದಷ್ಟೂ ನನ್ನ ನಂಬಿಕೆ ಗಿಡ್ಡವಾಗುತ್ತದೆ.

6. ಪಂಚಾಂಗ ನೋಡದೆ ಮೀನೂಟಕ್ಕೆ ಹೊರಡಬೇಡಿ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಮೀನಿನ ಸಂತಾನ ಬೆಳೆಯಲೆಂದು ಈ ರಜೆ. ಆಗ ಸಿಗುವುದು ನಾಡದೋಣಿಯವರು ಮಳೆಯ ನಡುವೆ ತಂದದ್ದು, ಹೊಳೆ ಮತ್ತು ಅಳಿವೆಯ ಮೀನು, ಒಣಮೀನು, ಮರುವಾಯಿ ಎಂಬ ಚಿಪ್ಪುಮೀನು. ಉಳಿದದ್ದು ಪೂರ್ವ ಕರಾವಳಿಯದ್ದು. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ನಮ್ಮಲ್ಲಿ ಬಲೆ ಒಣಗುತ್ತಿರುವಾಗ ತಮಿಳುನಾಡು, ಆಂಧ್ರದ ಕಡೆಯಿಂದ ಲಾರಿಗಳು ಬರುತ್ತವೆ. ಜುಲೈಯಲ್ಲಿ ಮಂಗಳೂರಿನ ಹೋಟೆಲಿನಲ್ಲಿ ಕೂತು ದೊಡ್ಡ ಅಂಜಲ್ ಫ್ರೈಗೆ ದುಬಾರಿ ದುಡ್ಡು ಕೊಡುವವರು ಈ ದಾರಿಯನ್ನು ನೆನೆಯಬೇಕು. ಆ ತಿಂಗಳು ನನ್ನ ಆಯ್ಕೆ ಮರುವಾಯಿ ಸುಕ್ಕ, ಇಲ್ಲವೇ ಒಣ ಸಿಗಡಿ ಚಟ್ನಿಯ ಜೊತೆ ಗಂಜಿ. ಎರಡೂ ಅಗ್ಗ, ಎರಡೂ ಆ ಕಾಲದ್ದೇ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿಯುತ್ತವೆ. ಸುಮಾರು ಅದೇ ಹೊತ್ತಿಗೆ ಶ್ರಾವಣ. ಕಾರವಾರ, ಅಂಕೋಲಾ ಕಡೆ ಎಷ್ಟೋ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲ. ಮಾಲು ಹೆಚ್ಚು, ಗಿರಾಕಿ ಕಡಿಮೆ. ವ್ರತ ಇಲ್ಲದವರಿಗೆ ವರ್ಷದಲ್ಲೇ ಒಳ್ಳೆಯ ಕಾಲ ಇದು. ಮಳೆ ಹಿಂದೆ ಸರಿದ ಮೇಲಿನ ತಿಂಗಳುಗಳಲ್ಲಿ ಬೂತಾಯಿಗೆ ಕೊಬ್ಬು ತುಂಬಿರುತ್ತದೆ. ಕಾವಲಿಯ ಮೇಲೆ ತನ್ನೆಣ್ಣೆಯಲ್ಲೇ ಅರ್ಧ ಬೇಯುತ್ತದೆ.

ವಾರದ ಲೆಕ್ಕವೂ ಇದೆ. ಭಾನುವಾರ ಮನೆಮನೆಗೂ ಮೀನು ಬೇಕು, ಹಾಗಾಗಿ ರೇಟು ಮೇಲೆ. ಸೋಮವಾರ ಅನೇಕರಿಗೆ ಸಸ್ಯಾಹಾರ. ಹಲವು ಹೋಟೆಲುಗಳು ಮುಚ್ಚಿರುತ್ತವೆ, ತೆರೆದವುಗಳಲ್ಲಿ ಭಾನುವಾರದ ಉಳಿಕೆಯ ಭಯ. ಮಂಗಳವಾರ, ಬುಧವಾರ ನನಗೆ ಒಗ್ಗಿದ ದಿನಗಳು. ಸಂಕ್ರಮಣ, ಚೌತಿ, ನವರಾತ್ರಿಯ ದಿನ ಹೊರಡುವ ಮೊದಲು ಒಂದು ಫೋನ್ ಮಾಡಿಕೊಳ್ಳಿ.

7. ಊಟ ಅಗ್ಗ, ಫ್ರೈ ದುಬಾರಿ: ನಡುವೆ ನಡೆಯಲು ಕಲಿಯಿರಿ

ಮೀನೂಟದ ಹೋಟೆಲಿನಲ್ಲಿ ಊಟಕ್ಕೆ ಸಿಗುವ ಲಾಭ ತೆಳು. ಅನ್ನ, ಸಾರು, ಪಲ್ಯ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವುದು ಗಿರಾಕಿಯನ್ನು ಒಳಗೆ ಕರೆಯಲು. ಲಾಭ ಬರುವುದು ಫ್ರೈಯಲ್ಲಿ. ಮಸಾಲೆ ಹಚ್ಚಿದ ಮೀನುಗಳನ್ನು ದೊಡ್ಡ ತಟ್ಟೆಯಲ್ಲಿ ಜೋಡಿಸಿ ಮೇಜಿಗೇ ತಂದು ತೋರಿಸುವುದು ಇಲ್ಲಿನ ಪದ್ಧತಿ. ಒಳ್ಳೆಯ ಪದ್ಧತಿ, ಮೀನು ಕಣ್ಣಿಗೆ ಕಾಣುತ್ತದೆ. ಹಸಿದವನ ಕೈ ಮಾತ್ರ ತಾನಾಗಿಯೇ ದೊಡ್ಡ ಮಾಂಜಿಯ ಕಡೆ ಹೋಗುತ್ತದೆ.

ಮೆನುವಿನಲ್ಲಿ ಬೆಲೆಯ ಜಾಗದಲ್ಲಿ 'ಸೈಜ್ ಪ್ರಕಾರ' ಎಂದು ಬರೆದಿದ್ದರೆ, ಬೆರಳು ತೋರಿಸುವ ಮೊದಲು "ಇದಕ್ಕೆ ಎಷ್ಟು?" ಎಂದು ಕೇಳಿ. ಮೀನು ಕಾವಲಿಗೆ ಬಿದ್ದ ಮೇಲೆ ಕೇಳಿದ ಪ್ರಶ್ನೆಗೆ ಬೆಲೆಯಿಲ್ಲ. ನಾಚಿಕೆಯ ವಿಷಯವೇನೂ ಅಲ್ಲ ಇದು, ಮಾರ್ಕೆಟ್ಟಿನಲ್ಲಿ ಕೇಳುವುದಿಲ್ಲವೇ?

ಅಂಜಲ್, ಮಾಂಜಿ, ಕಾಣೆ ಈ ಮೂರರ ಬೆಲೆಯನ್ನು ರಫ್ತಿನವರೂ ಸ್ಟಾರ್ ಹೋಟೆಲಿನವರೂ ಸೇರಿ ಏರಿಸಿಟ್ಟಿದ್ದಾರೆ. ನಾಲಿಗೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ನಂಗ್ ಇದೆ, ಕೊಡ್ಡಾಯಿ ಇದೆ, ಗರಿಗರಿ ಹುರಿದ ಬೊಳಂಜೀರ್ ಇದೆ, ಸಿಗಡಿಯ ಸುಕ್ಕ ಇದೆ. ಬಂಗುಡೆಯಂತೂ ಇದ್ದೇ ಇದೆ. ಮುಳ್ಳಿನ ಭಯ ಬಿಟ್ಟವನಿಗೆ ಅರ್ಧ ಬೆಲೆಗೆ ಊಟ. ಇಬ್ಬರು ಹೋದರೆ ಎರಡು ಊಟ, ಒಂದು ಬಂಗುಡೆ ಫ್ರೈ, ಒಂದು ಪ್ಲೇಟು ಸುಕ್ಕ. ಇದಕ್ಕಿಂತ ಮೇಲೆ ಆರ್ಡರ್ ಮಾಡುವುದು ಹೊಟ್ಟೆಗಲ್ಲ, ಕಣ್ಣಿಗೆ.

ಬಿಲ್ಲನ್ನೂ ಓದಿ. ಸಣ್ಣ ಹೋಟೆಲು ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಗಿರಾಕಿಯಿಂದ ಪ್ರತ್ಯೇಕ ತೆರಿಗೆ ವಸೂಲು ಮಾಡುವಂತಿಲ್ಲ.

8. ತಾಜಾ ಹೌದೋ ಅಲ್ಲವೋ, ಸಾರು ಮೊದಲು ಹೇಳುತ್ತದೆ

ಹಸಿ ಮೀನು ನೋಡುವುದು ಎಲ್ಲರಿಗೂ ಗೊತ್ತು: ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಒತ್ತಿದರೆ ಮಾಂಸ ಮರಳಿ ಮೇಲೇಳಬೇಕು. ಬೆಂದ ಮೀನಿಗೆ ಬೇರೆ ಪರೀಕ್ಷೆ. ತಾಜಾ ಬಂಗುಡೆಯ ಮಾಂಸ ಪದರ ಪದರವಾಗಿ ಬಿಡುತ್ತದೆ, ಬೆನ್ನುಮೂಳೆಯ ಬಳಿ ಸ್ವಲ್ಪ ಹಟ ಮಾಡುತ್ತದೆ. ಹಳತಾದದ್ದು ಬೆರಳು ತಾಗಿದರೆ ಹಿಟ್ಟು ಹಿಟ್ಟಾಗುತ್ತದೆ.

ನಾನು ಮೊದಲು ಬರೀ ಸಾರಿನಲ್ಲಿ ಒಂದು ತುತ್ತು ಉಣ್ಣುತ್ತೇನೆ. ಸಾರಿನಲ್ಲಿ ಏನನ್ನೂ ಮುಚ್ಚಿಡಲಾಗದು. ಫ್ರೈಯಲ್ಲಿ ಖಾರ, ರವೆ, ಎಣ್ಣೆ ಮೂರೂ ಸೇರಿ ನಿನ್ನೆಯ ಮೀನನ್ನು ಇವತ್ತಿನದಾಗಿಸಬಲ್ಲವು. ಅದಕ್ಕೇ ಸಾರು ಸರಿಯಿಲ್ಲದ ಕಡೆ ಫ್ರೈ ಹೇಳುವುದಿಲ್ಲ. ಅನ್ನ-ಮಜ್ಜಿಗೆ ಉಂಡು ಏಳುತ್ತೇನೆ. ಬಂಗುಡೆ, ಕೇದಾರ್ (ಟ್ಯೂನಾ) ಥರದ ಮೀನು ತಿಂದಾಗ ನಾಲಿಗೆ, ತುಟಿ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಮಂಜುಗಡ್ಡೆಯಿಲ್ಲದೆ ಬಿದ್ದಿದ್ದ ಇಂಥ ಮೀನುಗಳಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಮೈ ಕೆಂಪಾಗಿ ತುರಿಸಿದವರನ್ನು ಕ್ಲಿನಿಕ್ಕುಗಳ ಬೆಂಚಿನ ಮೇಲೆ ಸಾಕಷ್ಟು ನೋಡಿದ್ದೇನೆ.

ಬಣ್ಣದ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನ ಕೆಂಪು ಗಾಢ, ಸ್ವಲ್ಪ ಕಂದು. ಬೆರಳಿಗೆ ಅಂಟಿದರೂ ತೊಳೆದರೆ ಹೋಗುತ್ತದೆ. ಹೊಳೆಯುವ ಕಿತ್ತಳೆಗೆಂಪು ಕಂಡರೆ ಅದು ಡಬ್ಬಿಯ ಬಣ್ಣ. ಕಬಾಬ್‌ಗಳಿಗೆ, ಮೀನಿನದ್ದೂ ಸೇರಿ, ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದೆ. ಬಣ್ಣ ಹಾಕುವವರು ಮೆಣಸಿನಲ್ಲಿ ಉಳಿತಾಯ ಮಾಡುತ್ತಿದ್ದಾರೆ. ಇನ್ನೆಲ್ಲೆಲ್ಲಿ ಮಾಡುತ್ತಿದ್ದಾರೋ ಯಾರಿಗೆ ಗೊತ್ತು.

9. ಊರಿಗೆ ತಕ್ಕ ಸಾರು ಉಣ್ಣಿ

ಮಂಗಳೂರಿನ ನೆನಪನ್ನು ಕಾರವಾರದಲ್ಲಿ ಆರ್ಡರ್ ಮಾಡಿ ನಿರಾಶರಾಗುವವರು ಬಹಳ. ಮಂಗಳೂರು, ಉಡುಪಿ ಕಡೆ ಪುಳಿಮುಂಚಿಯ ಹುಳಿ-ಖಾರ, ತೆಂಗಿನಕಾಯಿ ಕಡೆದ ಗಸಿ, ಬದಿಗೆ ನೀರ್‌ದೋಸೆ. ಹೊನ್ನಾವರ, ಕುಮಟಾ ದಾಟಿದರೆ ಸಾರಿಗೆ ಜುಮ್ಮನಕಾಯಿಯ ಪರಿಮಳ ಬರುತ್ತದೆ, ಊಟದ ಕೊನೆಗೆ ಮುರುಗಲಿನ ಸೋಲ್‌ಕಡಿ. ಬಂಗುಡೆ ಅಲ್ಲಿ ಬಾಂಗಡೆ, ಬೂತಾಯಿ ತಾರ್ಲೆ, ಮರುವಾಯಿ ತಿಸ್ರೆ. ಅಘನಾಶಿನಿಯ ಅಳಿವೆಯಲ್ಲಿ ಮಹಿಳೆಯರು ಇಳಿತದ ಹೊತ್ತಿಗೆ ಹೆಕ್ಕಿದ ಚಿಪ್ಪುಮೀನು ಆ ಬದಿಯ ಹೋಟೆಲಿನಲ್ಲಿ ತಿಂದಷ್ಟು ಹಿತವಾಗಿ ಬೇರೆಲ್ಲೂ ಇರುವುದಿಲ್ಲ, ಅಷ್ಟು ಅಗ್ಗವಾಗಿಯೂ. ಪ್ರತಿ ಊರಿನಲ್ಲಿ ಆ ಊರಿನವರು ಕಣ್ಣುಮುಚ್ಚಿ ಮಾಡುವ ಒಂದು ಅಡುಗೆ ಇರುತ್ತದೆ. ಅದನ್ನು ಕೇಳಿ ಪಡೆದರೆ ದುಡ್ಡೂ ಕಡಿಮೆ, ರುಚಿಯೂ ಖಾತ್ರಿ.

10. ಘಟ್ಟ ಹತ್ತಿದ ಮೇಲೆ ಲೆಕ್ಕ ಬದಲಾಯಿಸಿ

ಬೆಂಗಳೂರಿನಲ್ಲಿ ನೆಲೆಸಿದ ಕರಾವಳಿಯವರ ಕೊರಗು ಇನ್ನೂ ದೊಡ್ಡದು. ಅವರಿಗೆ ನಾನು ಹೇಳುವುದು ಎರಡು ಮಾತು.

ಒಂದು, ಮೀನು ರಾತ್ರಿಯಿಡೀ ಘಟ್ಟ ಹತ್ತಿ ಬರುತ್ತದೆ. ಸಾಗಣೆ, ಮಂಜುಗಡ್ಡೆ, ನಗರದ ಬಾಡಿಗೆ ಎಲ್ಲವೂ ಅದರ ಬೆನ್ನ ಮೇಲೆ. ಮಂಗಳೂರಿನ ಬೆಲೆ ಅಲ್ಲಿ ಕೇಳಬೇಡಿ, ಮಂಗಳೂರಿನ ಕ್ರಮವನ್ನು ಮಾತ್ರ ಕೇಳಿ. ಸ್ಟಾರ್ ಹೋಟೆಲಿನ ಕರಾವಳಿ ಅಡುಗೆ ಹುಟ್ಟುಹಬ್ಬಕ್ಕಿರಲಿ. ದಿನದ ಊಟಕ್ಕೆ ನಮ್ಮ ಹುಡುಗರು ಗುಂಪಾಗಿ ಬಾಡಿಗೆಗಿರುವ ಬಡಾವಣೆಗಳಲ್ಲಿ, ಕರಾವಳಿಯ ಮನೆಮಂದಿ ನಡೆಸುವ ಸಣ್ಣ ಮೆಸ್‌ಗಳನ್ನು ನೋಡಿ. ಕುಚ್ಚಲಕ್ಕಿ ಅನ್ನ ಇದೆಯೇ ಎಂಬ ಒಂದು ಪ್ರಶ್ನೆ ಸಾಕು; ಕರಾವಳಿಯ ಗಿರಾಕಿ ಇಲ್ಲದ ಕಡೆ ಅದನ್ನು ಬೇಯಿಸಿಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮದ 'ಮತ್ಸ್ಯದರ್ಶಿನಿ'ಗಳನ್ನೂ ಮರೆಯಬೇಡಿ. ಸರ್ಕಾರಿ ಬೋರ್ಡು ನೋಡಿ ಮೂಗು ಮುರಿಯುವವರು ಒಮ್ಮೆ ಉಂಡು ಮಾತಾಡಲಿ.

ಎರಡು, ಒಳನಾಡಿನಲ್ಲಿ ಒಳನಾಡಿನ ಮೀನು ತಿನ್ನಿ. ಮಂಡ್ಯ, ಶ್ರೀರಂಗಪಟ್ಟಣ, ಕೆಆರ್‌ಎಸ್ ಕಡೆಯ ಮಿಲಿಟ್ರಿ ಹೋಟೆಲಿನ ಕೆರೆಮೀನಿನ ಸಾರು, ಮುದ್ದೆಯ ಜೊತೆಗೆ, ಎಂಟು ಗಂಟೆ ಲಾರಿಯಲ್ಲಿ ಬಂದ ಬಂಗುಡೆಗಿಂತ ತಾಜಾ ಆಗಿರುತ್ತದೆ. ಕಡಲಿನವನ ಹಮ್ಮು ಬಿಟ್ಟು ಒಂದು ತುತ್ತು ನುಂಗಿ ನೋಡಿ.

11. ಸಿಕ್ಕ ಹೋಟೆಲನ್ನು ಉಳಿಸುವುದೂ ನಿಮ್ಮ ಕೆಲಸ

ಹಳೆಯ ಹೋಟೆಲು ಮುಚ್ಚಿತೆಂದು ಕಣ್ಣೀರಿಡುವವರನ್ನು ಕೊನೆಯ ಸಲ ಅಲ್ಲಿಗೆ ಹೋದದ್ದು ಯಾವಾಗ ಎಂದು ಕೇಳಿದರೆ ಬಹಳ ಮಂದಿ ಲೆಕ್ಕ ಹಾಕಲು ಶುರುಮಾಡುತ್ತಾರೆ. ವರ್ಷಕ್ಕೊಮ್ಮೆ ನೆನಪಿನ ಯಾತ್ರೆಗೆ ಬರುವವರಿಂದ ಒಲೆ ಉರಿಯುವುದಿಲ್ಲ. ಮಂಗಳವಾರ ಮಧ್ಯಾಹ್ನ ಬಂದು ಕೂರುವವರಿಂದ ಉರಿಯುತ್ತದೆ.

ಹನ್ನೆರಡೂವರೆಗೇ ಹೋಗಿ; ಎರಡು ಗಂಟೆಗೆ ಹೋಗಿ ಮೀನು ಮುಗಿದಿದೆ ಎಂದು ಸಿಡುಕಬೇಡಿ. ಎಂಟು ಜನ ಸೇರಿ ಹೋಗುವುದಾದರೆ ಬೆಳಿಗ್ಗೆಯೇ ತಿಳಿಸಿ, ಹರಾಜಿನಲ್ಲಿ ಅಷ್ಟು ಹೆಚ್ಚು ಕೊಳ್ಳುತ್ತಾರೆ. ಉಂಡಾದ ಮೇಲೆ ಮೊಬೈಲ್ ನೋಡುತ್ತಾ ಕೂತು ಜಾಗ ಹಿಡಿಯಬೇಡಿ. ಸಣ್ಣ ಹೋಟೆಲಿಗೆ ಒಂದು ಬೆಂಚು ಮೂರು ಪಂಕ್ತಿ ಕಾಣಬೇಕು. ಅಡುಗೆ ಮಾಡಿದವರು ಬಾಗಿಲಿಗೆ ಬಂದರೆ "ಸಾರು ಒಳ್ಳೆದಿತ್ತು ಅಕ್ಕ" ಎಂದು ಹೇಳಿ.

ಬೆಲೆ ಹತ್ತು ರೂಪಾಯಿ ಏರಿದಾಗ ಗೊಣಗಬೇಡಿ. ತೆಂಗಿನೆಣ್ಣೆ, ಗ್ಯಾಸು, ಮೀನು ಯಾವುದೂ ನಿಂತಲ್ಲಿ ನಿಂತಿಲ್ಲ. ಮುಲಾಜಿಗೆ ಬಿದ್ದು ಬೆಲೆ ಏರಿಸದ ಯಜಮಾನರಿಗೆ ಉಳಿಯುವ ದಾರಿ ಎರಡೇ: ಮೀನಿನ ತುಂಡು ಚಿಕ್ಕದು ಮಾಡುವುದು, ಇಲ್ಲವೇ ಶಟರ್ ಎಳೆಯುವುದು. ನಮಗೆ ಪ್ರಿಯವಾಗಿದ್ದ ಎಷ್ಟೋ ಹೋಟೆಲುಗಳು ಈ ಎರಡನೆಯ ದಾರಿಯಲ್ಲೇ ಹೋದವು. ಹತ್ತು ರೂಪಾಯಿ ಹೆಚ್ಚು ಕೊಡಿ, ಮುಂದಿನ ವಾರವೂ ಹೋಗಿ. ಜೊತೆಗೆ ಇಪ್ಪತ್ತೈದರ ಹರೆಯದ ಒಬ್ಬರನ್ನು ಕರೆದೊಯ್ಯಿರಿ. ನಮ್ಮ ಹಸಿವು ಅವರಲ್ಲಿದೆ, ನಾಳೆಯ ಗಿರಾಕಿಯೂ ಅವರೇ.